ಗರಿಯಾಹಾಟಿನ ಗರಿಕೆ

ಹೆಸರಿನಲ್ಲಿ ಹಂದಿ ಇದೆ. ಪ್ರಾಣಿ ಹಂದಿಯ ಜಾತಿಯದಲ್ಲ. ಹೆಸರಿನಲ್ಲಿ ಗಿನಿ ದೇಶವಿದೆ. ಆ ದೇಶವನ್ನು ಅದರ ಮುತ್ತಜ್ಜನೂ ಕಂಡಿರಲಾರ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಸೀಮೆಯ ಜನ ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಸಾಕಿಕೊಂಡಿದ್ದ ಈ ಗಿನಿಪಿಗ್, ಹದಿನಾರನೆಯ ಶತಮಾನದಲ್ಲಿ ಹಡಗು ಹತ್ತಿ ಯೂರೋಪಿಗೆ ಬಂದು, ಮೊದಲು ಮಕ್ಕಳ ಮಡಿಲನ್ನೂ ಆಮೇಲೆ ವಿಜ್ಞಾನಿಗಳ ಮೇಜನ್ನೂ ಏರಿತು. ಗರಿಯಾಹಾಟಿನ ನಮ್ಮ ಮನೆಗೆ ಅದು ಬಂದದ್ದು ವರ್ಗಾವಣೆಯ ದಾರಿಯಿಂದ. ಕೆಳಗಿನ ಮಹಡಿಯ ಸಂಸಾರಕ್ಕೆ ದೂರದ ಊರಿಗೆ ವರ್ಗವಾಯಿತು. ಅವರ ಮಕ್ಕಳ ಎರಡು ಗಿನಿಪಿಗ್‌ಗಳು, ಒಂದು ಬಿಳಿ, ಒಂದು ಕಂದು, ಎರಡೂ ಹೆಣ್ಣು, ಪಂಜರಸಮೇತ ನಮ್ಮ ಪಾಲಿಗೆ ಬಂದವು. ಊರು ಬಿಟ್ಟು ಊರಿಗೆ ಹೊರಟವರ ಫಜೀತಿ ನಮಗೆ ತಿಳಿಯದ್ದೇನಲ್ಲ. ಬೇಡವೆನ್ನಲು ಬಾಯಿ ಬರಲಿಲ್ಲ.

ಹೆಸರು ಕೇಳಿದೊಡನೆ ಅಜ್ಜಿ ದೇವರ ಮನೆಯ ಬಾಗಿಲು ಮುಂದೆ ಮಾಡಿದರು.

“ಅಜ್ಜಿ, ಇದು ಹಂದಿ ಅಲ್ಲ. ಇಲಿಯ ಜಾತಿ,” ಎಂದ ಮೊಮ್ಮಗ.

“ಇಲಿಯಾದರೆ ಬೋನಿನಲ್ಲಿ ಹಿಡಿಯುತ್ತಾರಪ್ಪಾ, ಬಟ್ಟಲಿಟ್ಟು ಊಟಕ್ಕೆ ಕೂರಿಸುವುದಿಲ್ಲ,” ಎಂದರು ಅಜ್ಜಿ.

ಪಂಜರದ ಜೊತೆಗೆ ಒಂದು ಚೀಲ ಮುರಿ, ಅಂದರೆ ನಮ್ಮ ಕಡೆಯ ಪುರಿ, ಒಂದು ಡಬ್ಬಿ ಬಿಸ್ಕತ್ತು, ಬಡಗಿಯ ಅಂಗಡಿಯಿಂದ ತಂದ ಒಂದು ಮೂಟೆ ಮರದ ಹೊಟ್ಟು ಬಂದಿದ್ದವು. ಇಷ್ಟೇ ಅವುಗಳ ಊಟ, ಹಾಸಿಗೆ. ಕಂದು ಬಣ್ಣದ್ದು ಹೇಗೋ ಓಡಾಡಿಕೊಂಡಿತ್ತು. ಬಿಳಿಯದು ಮೂಲೆ ಹಿಡಿದು ಕೂತಿತ್ತು, ಹಿಂಗಾಲನ್ನು ಎಳೆಯುತ್ತಿತ್ತು, ಎತ್ತಿಕೊಂಡರೆ ಮಗುವಿನಂತೆ ಕಿರುಚುತ್ತಿತ್ತು. ಮರುದಿನವೇ ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಕೀಲುಗಳನ್ನು ಮುಟ್ಟಿ ನೋಡಿ, ವಸಡು ನೋಡಿ, “ಸ್ಕರ್ವಿ,” ಎಂದರು. ಹುಡುಗ “ಬದುಕುತ್ತದೆಯೇ?” ಎಂದು ಕೇಳಿದ್ದಕ್ಕೆ ಅವರು ನೇರವಾಗಿ ಉತ್ತರ ಕೊಡಲಿಲ್ಲ. ದಿನವೂ ಬಾಯಿಗೆ ಹಾಕಲು ಹನಿ ಔಷಧ ಬರೆದುಕೊಟ್ಟು, “ತೂಕ ನೋಡುತ್ತಿರಿ,” ಎಂದರು. ಅಂದು ಅದರ ತೂಕ 620 ಗ್ರಾಂ. ಅಡಿಗೆಮನೆಯ ತಕ್ಕಡಿಗೆ ಅಂದಿನಿಂದ ಹೊಸ ಕೆಲಸ ಹತ್ತಿತು.

ಸ್ಕರ್ವಿ ಎಂದರೆ ಹಿಂದಿನ ಕಾಲದ ನಾವಿಕರ ರೋಗವಷ್ಟೆ? ಅದು ಮುರಿ ತಿಂದ ಗಿನಿಪಿಗ್ಗಿಗೆ ಹೇಗೆ ಬಂತು ಎಂಬುದಕ್ಕೆ ಹಿಂದೆ ದೊಡ್ಡ ಕಥೆಯೇ ಇದೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್, ಥಿಯೊಡೊರ್ ಫ್ರೋಲಿಕ್ ಎಂಬಿಬ್ಬರು, ನಾವಿಕರಿಗೆ ತಗಲುತ್ತಿದ್ದ ಬೆರಿಬೆರಿಯಂಥ ರೋಗವನ್ನು ಅರಿಯಹೊರಟು, ಗಿನಿಪಿಗ್‌ಗಳಿಗೆ ಬರಿಯ ಧಾನ್ಯ, ರೊಟ್ಟಿಗಳನ್ನು ತಿನ್ನಿಸಿದರು. ಬೆರಿಬೆರಿಯ ಬದಲು ಸ್ಕರ್ವಿ ಬಂತು. ಹಸಿ ಎಲೆಕೋಸನ್ನೋ ನಿಂಬೆಯ ರಸವನ್ನೋ ಕೊಟ್ಟಾಗ ಅದು ತಡೆಯಿತು. ನಾಯಿ, ಬೆಕ್ಕು, ಇಲಿ, ಮೊಲಗಳೆಲ್ಲ ತಮಗೆ ಬೇಕಾದ ವಿಟಮಿನ್ ಸಿ ಅನ್ನು ತಮ್ಮ ದೇಹದಲ್ಲೇ ಮಾಡಿಕೊಳ್ಳುತ್ತವೆ. ನಮಗೆ ಅದು ಸಾಧ್ಯವಿಲ್ಲ, ಗಿನಿಪಿಗ್ಗಿಗೂ ಇಲ್ಲ. ಆ ಇಬ್ಬರು ಮಹನೀಯರು ಗಿನಿಪಿಗ್ಗಿನ ಬದಲು ಇಲಿಯನ್ನು ಹಿಡಿದಿದ್ದರೆ ಏನೂ ಕಾಣುತ್ತಿರಲಿಲ್ಲ.

ಮುಂದಿನ ಕಥೆ ಅಡಿಗೆಮನೆಯದೇ. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿಗೆ ಒಂದು ರಾತ್ರಿ ಹೆಂಡತಿ ದಪ್ಪ ಮೆಣಸಿನಕಾಯಿ ಬಡಿಸಿದರಂತೆ. ತಿನ್ನಲು ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ. ಪರೀಕ್ಷೆ ಮಾಡುತ್ತೇನೆಂದು ಪ್ರಯೋಗಾಲಯಕ್ಕೆ ಒಯ್ದರು. ವಿಟಮಿನ್ ಸಿ ಅದರಲ್ಲಿ ರಾಶಿಯಾಗಿತ್ತು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹೆಂಡತಿಗೆ ಏನು ಬಂತೆಂದು ಯಾರೂ ಬರೆದಂತಿಲ್ಲ.

ಆ ದಪ್ಪ ಮೆಣಸಿನಕಾಯಿ ಗರಿಯಾಹಾಟ್ ಮಾರುಕಟ್ಟೆಯಲ್ಲಿ ಕ್ಯಾಪ್ಸಿಕಮ್ ಎಂಬ ಹೆಸರಿನಿಂದ ಸಿಕ್ಕುತ್ತದೆ. ಹಸಿರು ಕಾಯಿಯ 100 ಗ್ರಾಮಿನಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ. ಒಂದು ಕಿಲೋ ತೂಗುವ ಆರೋಗ್ಯವಾದ ಗಿನಿಪಿಗ್ಗಿಗೆ ದಿನಕ್ಕೆ 10 ಮಿಲಿಗ್ರಾಂ ಸಾಕು; ಬಸಿರಿಗೂ ಕಾಯಿಲೆಯದಕ್ಕೂ 30ರವರೆಗೆ ಬೇಕು. ಎರಡು ಬೆರಳಗಲದ ಒಂದು ಹೋಳು ದಿನದ ಲೆಕ್ಕವನ್ನು ತೀರಿಸುತ್ತದೆ. ಜೊತೆಗೆ ಕೊತ್ತಂಬರಿ ಸೊಪ್ಪು, ಇಲ್ಲಿಯ ಮಾತಿನಲ್ಲಿ ಧೋನೆ ಪಾತಾ. ಬಾರುಯಿಪುರದ ಸೀಬೆಯ ಕಾಲದಲ್ಲಿ ವಾರಕ್ಕೆರಡು ಸಲ ಒಂದು ಚೂರು ಸೀಬೆ. ಸಿಹಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಪಾಲಕ್, ಬಸಳೆ, ದಂಟಿನ ಸೊಪ್ಪುಗಳು ಎಷ್ಟು ಎಳೆಯದಾಗಿ ಕಂಡರೂ ದಿನವೂ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಯ ಮೊಳಕೆ ಎಂದೂ ಬೇಡ. ವಿಟಮಿನ್ನನ್ನು ಕುಡಿಯುವ ನೀರಿಗೆ ಬೆರೆಸಿಡುವ ಪದ್ಧತಿ ಕೆಲವರಲ್ಲಿದೆ. ಅದು ನೀರಿನಲ್ಲಿ ಬೇಗ ಕೆಟ್ಟುಹೋಗುತ್ತದೆ. ರುಚಿ ಕೆಟ್ಟಿತೆಂದು ಪ್ರಾಣಿ ನೀರನ್ನೇ ಬಿಟ್ಟರೆ ಇನ್ನೂ ಕಷ್ಟ.

ಆದರೆ ಮೆಣಸಿನಕಾಯಿ ಪಲ್ಯವಿದ್ದಂತೆ. ಅನ್ನದ ಸ್ಥಾನ ಹುಲ್ಲಿನದು. ಗಿನಿಪಿಗ್ಗಿನ ಹಲ್ಲು ಹುಟ್ಟಿನಿಂದ ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಅರೆದು ಅರೆದು ಸವೆಸಬೇಕು. ಮುರಿ, ಬಿಸ್ಕತ್ತುಗಳಲ್ಲಿ ಅರೆಯುವುದೇನಿದೆ? ದವಡೆಯ ಹಲ್ಲು ಉದ್ದವಾಗಿ ನಾಲಿಗೆಯನ್ನು ಅಮುಕಿದರೆ, ತುಂಬಿದ ಬಟ್ಟಲಿನ ಮುಂದೆ ಕೂತೇ ಅದು ಹಸಿದು ಸಾಯುತ್ತದೆ. ಕರುಳಿಗೂ ಹುಲ್ಲಿನ ನಾರು ಎಡೆಬಿಡದೆ ಬೇಕು. ಒಂದು ಹಗಲು ಏನೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಲ್ಲಿಗೆ ಓಡಬೇಕು. ಮನೆಯ ಔಷಧದ ಡಬ್ಬಿಗೆ ಕೈ ಹಾಕಲೇಬಾರದು. ನಮಗೆ ಗುಣ ಕೊಡುವ ಪೆನ್ಸಿಲಿನ್ ಇವುಗಳ ಪ್ರಾಣ ತೆಗೆಯುತ್ತದೆ.

ಇಲ್ಲಿ ನಮ್ಮ ಭಾಷೆ ಒಂದು ತೊಡಕು ಮಾಡಿಡುತ್ತದೆ. ಭತ್ತದ ಹುಲ್ಲಿಗೂ ಮೇವಿನ ಹುಲ್ಲಿಗೂ ನಾವು ಒಣಹುಲ್ಲು ಎಂದೇ ಅನ್ನುತ್ತೇವೆ. ಕುಮಾರ್‌ಟುಲಿಯಲ್ಲಿ ದುರ್ಗೆಯ ಮೂರ್ತಿಗೆ ಮೈಕಟ್ಟು ಕೊಡುವ ಭತ್ತದ ಹುಲ್ಲು ಈ ಊರಿನಲ್ಲಿ ಬೇಕಾದಷ್ಟಿದೆ. ತೆನೆ ಬಲಿತ ಮೇಲೆ ಉಳಿದ ಕಡ್ಡಿ ಅದು. ಸತ್ತ್ವ ಕಡಮೆ, ತುದಿ ಚೂಪು. ಆಟಕ್ಕೆ ಒಂದು ಹಿಡಿ ಹಾಕಬಹುದು, ಊಟಕ್ಕಾಗದು. ಎಲೆ ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲು ಬೇಕು. ಪರದೇಶದ ಟಿಮೊಥಿ ಹುಲ್ಲು ಪೊಟ್ಟಣದಲ್ಲಿ ಬರುತ್ತದೆ. ಒಳ್ಳೆಯದೇ, ಆದರೆ ಎರಡು ಪ್ರಾಣಿಗೆ ವರ್ಷವಿಡೀ ಕೊಂಡು ಹಾಕಿದರೆ ಮನೆಯವರು ಹುಲ್ಲಿಗೆ ಬರಬೇಕಾದೀತು.

ಆಗ ಹೊಳೆದದ್ದು ಗರಿಕೆ. ಲೇಕಿನ ದಂಡೆಯಲ್ಲಿ ಅದು ಬೇಕಾದಷ್ಟು ಬೆಳೆದಿದೆ. ಆದರೆ ಅಲ್ಲಿ ನಾಯಿಗಳ ಓಡಾಟ, ಸಿಂಪಡಿಸುವ ಔಷಧದ ಭಯ. ಮಾರುಕಟ್ಟೆಯಲ್ಲಿ ಹೂವು, ಬಿಲ್ವಪತ್ರೆಗಳ ಜೊತೆಗೆ ದೂರ್ವೆಯ ಕಟ್ಟುಗಳನ್ನಿಟ್ಟು ಕೂರುವ ಮಾಸಿಯೊಬ್ಬರಿದ್ದಾರೆ. ಸಿಯಾಲ್ದಾದ ದಕ್ಷಿಣ ಮಾರ್ಗದ ಲೋಕಲ್ ರೈಲಿನಲ್ಲಿ ನಸುಕಿಗೇ ಬಂದು, ಬಾಲಿಗಂಜ್ ಸ್ಟೇಷನ್ನಿನಲ್ಲಿಳಿದು, ಹೊರೆ ಹೊತ್ತು ನಡೆದು ಬರುವವರು. ಬಂಗಾಳಿಗಳು ಹಿರಿಯರಿಂದ ಆಶೀರ್ವಾದ ಪಡೆಯುವುದೂ ಭತ್ತ, ದೂರ್ವೆಗಳಿಂದಲೇ ತಾನೆ? ನಾವು ಒಮ್ಮೆಗೇ ಇಪ್ಪತ್ತು ಕಟ್ಟು ಕೇಳಿದಾಗ ಆಕೆ ಕಣ್ಣರಳಿಸಿ, “ಕೀಶೇರ್ ಪುಜೊ, ಬೌದಿ?” ಎಂದರು. ಯಾವ ಪೂಜೆ! ನಮ್ಮ ಹರಕು ಬಂಗಾಳಿಯಲ್ಲಿ ವಿಷಯ ಹೇಳಿದೆವು. ಮಾಸಿ ನಕ್ಕು ನಕ್ಕು ಪಕ್ಕದವರಿಗೂ ಹೇಳಿದರು. ಮುಂದಿನ ವಾರದಿಂದ, ತಮ್ಮ ಗದ್ದೆಯ ಬದುವಿನಲ್ಲಿ ಕೊಯ್ದ ಗರಿಕೆಯನ್ನು ಚೀಲದಲ್ಲಿ ತುಂಬಿ ತರುತ್ತಿದ್ದಾರೆ. ದಾರ ಕಟ್ಟುವ ಕೂಲಿ ಉಳಿಯಿತೆಂದು ಬೆಲೆಯಲ್ಲೂ ಇಳಿಸಿದ್ದಾರೆ.

ಹಸಿ ಗರಿಕೆಯನ್ನು ಒಮ್ಮೆಗೇ ರಾಶಿ ಹಾಕದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆವು. ಉಳಿದದ್ದನ್ನು ತೊಳೆದು, ಚಳಿಗಾಲದ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿ, ಗರಗರ ಎನ್ನುವಷ್ಟು ಒಣಗಿಸಿ ಬಟ್ಟೆಯ ಚೀಲದಲ್ಲಿ ತೂಗುಹಾಕಿದೆವು. ಪ್ಲಾಸ್ಟಿಕ್ ಆಗದು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಪೂಜೆಯ ಹೊತ್ತಿನವರೆಗೆ ಈ ಊರಿನಲ್ಲಿ ಉಪ್ಪೇ ನೀರಾಗುತ್ತದೆ, ಹುಲ್ಲಿನ ಪಾಡೇನು? ಒಂದಿಷ್ಟು ಬೂಷ್ಟಿನ ವಾಸನೆ ಬಂದರೂ ಎಸೆಯುತ್ತೇವೆ. ಕಾಳಿನಂತೆ ಮಾಡಿದ ಪೊಟ್ಟಣದ ತಿಂಡಿ ಕೊಳ್ಳುವುದಾದರೆ ತಯಾರಾದ ತಾರೀಖು ನೋಡಬೇಕು. ಹಳೆಯದಾದಷ್ಟೂ ಅದರ ವಿಟಮಿನ್ ಕುಗ್ಗುತ್ತದೆ. ಮೊಲದ ಪೊಟ್ಟಣವಂತೂ ಬೇಡ. ಮೊಲಕ್ಕೆ ಅಗತ್ಯವಿಲ್ಲದ ವಿಟಮಿನ್ ಸಿ ಅದರಲ್ಲಿರುವುದಿಲ್ಲ.

ಇನ್ನು ಹಾಸಿಗೆ. ಮರದ ಹೊಟ್ಟಿನ ಮೂಟೆಯನ್ನು ಬಂದ ವಾರವೇ ಸಾಗಹಾಕಿದೆವು. ಅದರ ಧೂಳು ಆ ಪುಟ್ಟ ಶ್ವಾಸಕೋಶಗಳಿಗೆ ಕೇಡು. ದೇವದಾರು ಜಾತಿಯ ಮರದ ಪರಿಮಳವೂ ಕೇಡು. ಪ್ಲೈವುಡ್ಡಿನ ಅಂಟು ಎಷ್ಟು ಬೆರೆತಿದೆಯೋ ಬಡಗಿಗೂ ಗೊತ್ತಿಲ್ಲ. ಬರಿಯ ವೃತ್ತಪತ್ರಿಕೆ ಒದ್ದೆಯಾಗಿ ಜಾರುತ್ತದೆ. ಉಪಾಯ ಹೇಳಿದವರು ಧಾರವಾಡದ ಕಡೆಯ ಒಬ್ಬ ಸ್ನೇಹಿತೆ: “ಕೌದಿ ಹೊಲೀರಿ.” ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿಯುವ ನಮ್ಮ ಕೌದಿಗೂ ಬಂಗಾಳದ ಕಾಂಥಾಕ್ಕೂ ಅಕ್ಕತಂಗಿಯ ನಂಟು. ಆದರೆ ಬರಿಯ ಹತ್ತಿ ಒದ್ದೆಯನ್ನು ಮೇಲೇ ಹಿಡಿದಿಡುತ್ತದೆ. ಒದ್ದೆಯಲ್ಲಿ ನಿಂತರೆ ಪಾದ ಹುಣ್ಣಾಗುತ್ತದೆ. ಆದ್ದರಿಂದ ಕೆಳಗೆ ವೃತ್ತಪತ್ರಿಕೆ, ನಡುವೆ ಹಳೆಯ ಟವಲು, ಮೇಲೆ ಫ್ಲೀಸ್ ಎಂಬ ಚಳಿಗಾಲದ ಕಂಬಳಿಯ ಬಟ್ಟೆ. ಫ್ಲೀಸನ್ನು ಮೊದಲು ಎರಡು ಮೂರು ಸಲ ಒಗೆದರೆ ನೀರು ಕೆಳಕ್ಕಿಳಿದು ಮೇಲ್ಭಾಗ ಒಣಗಿರುತ್ತದೆ. ಅಂಚು ಮಡಿಸಿ ಹೊಲಿಯಬೇಕು. ಬಿಟ್ಟ ದಾರ ಕಾಲ್ಬೆರಳಿಗೆ ಸುತ್ತಿಕೊಂಡೀತು. ಹಿಕ್ಕೆಯನ್ನು ದಿನವೂ ಗುಡಿಸಿ, ಮೂರು ದಿನಕ್ಕೊಮ್ಮೆ ಬಟ್ಟೆ ಬದಲಿಸುತ್ತೇವೆ. ಮೂತ್ರದ ಘಾಟು ನಮ್ಮ ಮೂಗಿಗೆ ತಟ್ಟುವ ಮೊದಲೇ ನೆಲದ ಮಟ್ಟದಲ್ಲಿರುವ ಆ ಮೂಗಿಗೆ ತಟ್ಟಿರುತ್ತದೆ.

ವೈಶಾಖದ ಸೆಕೆಯಲ್ಲಿ ಪಂಜರವನ್ನು ತಣ್ಣನೆಯ ನೆಲದ ಮೇಲಿಟ್ಟು, ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತೇವೆ. ಬೆಟ್ಟದ ಪ್ರಾಣಿ, ಬೆವರಲು ಬಾರದು.

ಬಿಳಿಯದು ಹತ್ತನೆಯ ದಿನ ಎದ್ದು ಬಂದು ಗರಿಕೆ ಎಳೆಯಿತು. ಎರಡು ತಿಂಗಳಿಗೆ 780 ಗ್ರಾಂ. ಹಿಂಗಾಲಿನ ಕುಂಟು ಪೂರ್ತಿ ಹೋಗಿಲ್ಲ. ಅಜ್ಜಿ ಈಗಲೂ ಅವುಗಳನ್ನು ಮುಟ್ಟುವುದಿಲ್ಲ. ಗಣಪತಿಯ ಇಪ್ಪತ್ತೊಂದು ಗರಿಕೆಯ ನಿರ್ಮಾಲ್ಯವನ್ನು ಮಾತ್ರ, “ಅವನ ವಾಹನದ ಪೈಕಿ ತಾನೆ,” ಎಂದು ಕುಂಕುಮ ತೊಳೆದು ಪಂಜರದ ಸರಳಿಗೆ ಸಿಕ್ಕಿಸಿ ಹೋಗುತ್ತಾರೆ.

ಕಳೆದ ಬೇಸಗೆಯಲ್ಲಿ ಮೂರು ವಾರ ಊರಿಗೆ ಹೊರಟೆವು. ರೈಲಿನ ಸೆಕೆಗೆ ಅವುಗಳನ್ನು ಒಯ್ಯುವಂತಿರಲಿಲ್ಲ. ಎದುರು ಮನೆಯ ಹುಡುಗಿ ನೋಡಿಕೊಳ್ಳಲು ಒಪ್ಪಿದಳು. ಹುಡುಗ ಬಂಗಾಳಿಯಲ್ಲಿ ಒಂದು ಹಾಳೆ ಬರೆದು ಪಂಜರಕ್ಕೆ ಅಂಟಿಸಿದ: ಹುಲ್ಲು ಯಾವಾಗಲೂ ತುಂಬಿರಲಿ, ಕ್ಯಾಪ್ಸಿಕಮ್ ಒಂದೊಂದು ಹೋಳು, ನೀರು ದಿನವೂ ಹೊಸದು, ಮುರಿ ಬೇಡ, ಠಾಕುಮಾ ಹೇಳಿದರೂ ಬೇಡ. ಹಿಂದಿರುಗಿದಾಗ ತೂಕದ ಪುಸ್ತಕದಲ್ಲಿ ಮೂರು ವಾರದ ತೂಕವೂ ಬಂಗಾಳಿ ಅಂಕಿಗಳಲ್ಲಿ ಇತ್ತು. ಬಿಳಿಯದು 20 ಗ್ರಾಂ ಹೆಚ್ಚಾಗಿತ್ತು.