ಪರದೆಯ ಮೇಲೆ ಸರಿ, ಬೋರ್ಡಿನಲ್ಲಿ ತಪ್ಪು

1999ರಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು 8085 ಕಿಟ್ಟುಗಳು. ಹಾಳೆಯಲ್ಲಿ ಅಸೆಂಬ್ಲಿ ಬರೆದು, ಪಟ್ಟಿ ನೋಡಿ ಪ್ರತಿ ಸಾಲಿಗೂ ಹೆಕ್ಸ್ ಅಂಕಿ ಹಾಕಿಕೊಂಡು, ಕೀಲಿಗಳನ್ನು ಒಂದೊಂದಾಗಿ ಒತ್ತಬೇಕು. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅದರಿಂದಲೇ ನಾವು ಗಟ್ಟಿಯಾದೆವು ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಕಲಿಯಬೇಕಾದ ಹೊತ್ತು ಕೀಲಿ ಒತ್ತುವುದರಲ್ಲೇ ಕಳೆದುಹೋಯಿತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಟ್ಮೆಲ್ 89ಸಿ51 ತಂದೆವು. 4 ಕೆಬಿ ಫ್ಲ್ಯಾಷ್, 128 ಬೈಟ್ ರ‍್ಯಾಮ್. ನಮ್ಮ ಹಿಂದಿನವರು ಇಪ್ರಾಮ್ ಅಳಿಸಲು ಅದನ್ನು ನೇರಳಾತೀತ ದೀಪದ ಕೆಳಗೆ 15-20 ನಿಮಿಷ ಇಟ್ಟು ಕಾಯುತ್ತಿದ್ದರು. ನಮಗೆ ಆ ಕಾಟ ಇರಲಿಲ್ಲ. ಆದರೂ ಪ್ರತಿ ತಿದ್ದುಪಡಿಗೂ 40 ಕಾಲಿನ ಚಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಪ್ರೋಗ್ರಾಮರಿನಲ್ಲಿ ಕೂರಿಸಿ, ಬರ್ನ್ ಮಾಡಿ, ವಾಪಸು ತರಬೇಕಿತ್ತು. ಎರಡು ಚಿಪ್ಪುಗಳ ಕಾಲು ಮುರಿದವು. ಹಾಗಾಗಿ ಸಿಮ್ಯುಲೇಟರಿನಲ್ಲಿ ಪೂರ್ತಿ ಸರಿಯಾಗುವ ತನಕ ಚಿಪ್ಪನ್ನು ಮುಟ್ಟಬಾರದು ಎಂದು ನಿಯಮ ಮಾಡಿಕೊಂಡೆವು.

ಸಿಮ್ಯುಲೇಟರಿನ ಕಿಟಕಿಯಲ್ಲಿ ನಮ್ಮ ಸೀರಿಯಲ್ ಸಂದೇಶ ಅಚ್ಚುಕಟ್ಟಾಗಿ ಮೂಡಿತು. ಚಿಪ್ಪಿಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಬರೀ ಕಸದ ಅಕ್ಷರ. ಮೂರು ದಿನ ಪ್ರೋಗ್ರಾಮನ್ನೇ ಜಾಲಾಡಿದೆವು. ತಪ್ಪು ಅಲ್ಲಿರಲಿಲ್ಲ. ಪುಸ್ತಕದ ಲೆಕ್ಕ 11.0592 ಮೆಗಾಹರ್ಟ್ಸ್ ಕ್ರಿಸ್ಟಲಿಗೆ. ಅದನ್ನು 12ರಿಂದ, 32ರಿಂದ, ಮತ್ತೆ 3ರಿಂದ ಭಾಗಿಸಿದರೆ ಸರಿಯಾಗಿ 9600 ಬರುತ್ತದೆ. ನಾವು ಕೂರಿಸಿದ್ದು ಅಂಗಡಿಯಲ್ಲಿ ಸಿಕ್ಕಿದ 12 ಮೆಗಾಹರ್ಟ್ಸಿನದು. ಅದೇ ಲೆಕ್ಕಕ್ಕೆ ಸುಮಾರು 10417 ಬರುತ್ತದೆ, ಸೀರಿಯಲ್ ಸಂಪರ್ಕ ಅಷ್ಟು ವ್ಯತ್ಯಾಸ ತಾಳುವುದಿಲ್ಲ. ಆ ಕಿಟಕಿ ಅಕ್ಷರಗಳನ್ನು ತೋರಿಸುತ್ತಿತ್ತೇ ಹೊರತು ವೇಗ ಹೊಂದುತ್ತದೆಯೇ ಎಂದು ನೋಡುತ್ತಿರಲಿಲ್ಲ.

ಇನ್ನೊಂದು ಕಷ್ಟ ಕಂಪೈಲರಿನದು. ನಮ್ಮ ಬಳಿ ಇದ್ದದ್ದು ಪ್ರಯೋಗದ ಪ್ರತಿ, 2 ಕೆಬಿ ದಾಟಿದರೆ ನಿರಾಕರಿಸುತ್ತಿತ್ತು. ಎಲ್‌ಸಿಡಿಯ ಸಂದೇಶಗಳನ್ನು ಕತ್ತರಿಸಿ ಕತ್ತರಿಸಿ ಒಳಗೆ ತುರುಕಿದೆವು. ಸಂದೀಪ್ ದತ್ತಾ ಮೊದಲು ಬರೆದ, ಯಾವ ಮಿತಿಯೂ ಇಲ್ಲದ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ ಆಗಲೇ ಇತ್ತು. ನಮಗೆ ಯಾರೂ ಹೇಳಲಿಲ್ಲ.

2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಬೋರ್ಡ್ ಹುಟ್ಟಿತು. ಬೂಟ್‌ಲೋಡರ್ ಚಿಪ್ಪಿನೊಳಗೇ ಕುಳಿತಿರುವುದರಿಂದ ಚಿಪ್ಪನ್ನು ಕೀಳುವ ಕೆಲಸ ತಪ್ಪಿತು, ಒಂದು ಯುಎಸ್‌ಬಿ ತಂತಿ ಸಾಕಾಯಿತು. ಈಗ ಬೋರ್ಡೇ ಇಲ್ಲದೆ ಶುರು ಮಾಡಬಹುದು. ವೋಕ್ವಿ ಎಂಬ ಸಿಮ್ಯುಲೇಟರ್ ಬ್ರೌಸರಿನಲ್ಲೇ ಊನೊ, ಇಎಸ್‌ಪಿ32, ಪೈ ಪಿಕೊ ಬೋರ್ಡುಗಳನ್ನು ಓಡಿಸುತ್ತದೆ. ಗುಂಡಿ ಒತ್ತಿದಾಗ ಅದರ ಸಂಪರ್ಕ ಅದುರುವುದನ್ನೂ ತಾನಾಗಿ ನಟಿಸುತ್ತದೆ. ನಮ್ಮ ಕಾಲದ ಯಾವ ಸಿಮ್ಯುಲೇಟರಿನಲ್ಲೂ ನಾನು ಅದನ್ನು ಕಂಡಿರಲಿಲ್ಲ. ಇಂಟರ್‌ನೆಟ್ ಇಲ್ಲದ ಕಡೆಗೆ ಸಿಮ್ಯುಲ್‌ಐಡಿಇ ಇದೆ. ಪ್ರೋಗ್ರಾಂ ಬರೆಯಲು ಮೊದಲು ಆರ್ಡುಯಿನೊ ಐಡಿಇ ಸಾಕು. ಎರಡು ಮೂರು ಬಗೆಯ ಬೋರ್ಡುಗಳು ಕೈಗೆ ಬಂದ ಮೇಲೆ ಪ್ಲಾಟ್‌ಫಾರ್ಮ್‌ಐಒಗೆ ಹೋಗುವುದು ಒಳ್ಳೆಯದು: ಯಾವ ಲೈಬ್ರರಿಯ ಯಾವ ಆವೃತ್ತಿ ಎಂಬುದನ್ನು ಪ್ರಾಜೆಕ್ಟಿನ ಕಡತದಲ್ಲೇ ಬರೆದಿಡಬಹುದು. ವರ್ಷ ಬಿಟ್ಟು ತೆರೆದಾಗ ಅದರ ಬೆಲೆ ಗೊತ್ತಾಗುತ್ತದೆ.

ಕಳೆದ ವರ್ಷ ತಮ್ಮನ ಮಗಳು ಒಂದು ಸರ್ವೊ ಮೋಟರ್ ಹಿಡಿದು ಬಂದಳು. “ದೊಡ್ಡಪ್ಪಾ, ವೋಕ್ವಿಯಲ್ಲಿ ಚೆನ್ನಾಗಿ ತಿರುಗುತ್ತೆ, ಬೋರ್ಡಿಗೆ ಹಾಕಿದ್ರೆ ರೀಸೆಟ್ ಆಗ್ತಾನೇ ಇರುತ್ತೆ.” ಅವಳೂ ಪ್ರೋಗ್ರಾಮನ್ನೇ ನಾಲ್ಕು ಸಲ ಬದಲಿಸಿದ್ದಳು. ಮಲ್ಟಿಮೀಟರ್ ಹಿಡಿದು ನೋಡಿದೆವು: ಸರ್ವೊ ಹೊರಡುವ ಗಳಿಗೆಯಲ್ಲಿ 5 ವೋಲ್ಟ್ ಕುಸಿಯುತ್ತಿತ್ತು. ಸರ್ವೊಗೆ ಬೇರೆ 5 ವೋಲ್ಟ್ ಕೊಟ್ಟು, ಎರಡರ ಗ್ರೌಂಡ್ ಸೇರಿಸಿದ ಮೇಲೆ ರೀಸೆಟ್ ಆಗುವುದು ನಿಂತಿತು. ಪರದೆಯ ಸರ್ವೊ ಕರೆಂಟ್ ಎಳೆಯುವುದಿಲ್ಲ. ನಮ್ಮ ಕ್ರಿಸ್ಟಲಿನ ಮೂರು ದಿನದ ಕಥೆಯನ್ನು ಆಗ ಅವಳಿಗೆ ಹೇಳಿದೆ.

ಲ್ಯಾಬ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಸಿಮ್ಯುಲೇಟರನ್ನು ಮೊದಲ ದಿನದಿಂದಲೇ ಕೊಡಿ, ಮುಕ್ತ ತಂತ್ರಾಂಶವನ್ನೇ ಕೊಡಿ, ಅದರ ಹೆಸರನ್ನು ಹಲಗೆಯ ಮೇಲೆ ಬರೆಯಿರಿ. ಆದರೆ ಪರದೆಯಲ್ಲಿ ಓಡಿದ್ದಕ್ಕೆ ಅಂಕ ಕೊಟ್ಟು ಮುಗಿಸಬೇಡಿ. ಪಕ್ಕದಲ್ಲಿ ಒಂದು ಬೋರ್ಡ್, ಒಂದು ಸರ್ವೊ, ಒಂದು ಮಲ್ಟಿಮೀಟರ್ ಇಡಿ.