ಮನೆಯಲ್ಲಿ ಮತ್ಯಾರಿಗಾದರೂ ಇತ್ತಾ?

ನಾನು ಆಂಟಾಪ್ ಹಿಲ್‌ಗೆ ಬಂದು ಮೂವತ್ತು ವರ್ಷ ದಾಟಿತು. ಊರಿಂದ ಯಾರಿಗೆ ಕ್ಯಾನ್ಸರ್ ಅಂದರೂ ಮೊದಲ ಫೋನು ನಮ್ಮ ಮನೆಗೆ. ಪರೇಲಿನ ಟಾಟಾ ಆಸ್ಪತ್ರೆ ಇಲ್ಲಿಂದ ಹತ್ತಿರ ನೋಡಿ. ಹೊನ್ನಾವರದ ಕಡೆಯವರಿಗೆ ಮಾತ್ರ ಅದು ಒಂದು ರಾತ್ರಿಯ ರೈಲು, ಜೊತೆಗೆ ಇಲ್ಲಿ ಉಳಿದುಕೊಳ್ಳುವ ಚಿಂತೆ.

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, 41ರಲ್ಲಿ ಸ್ತನ ಕ್ಯಾನ್ಸರ್ ಬಂತು. ಅವರ ತಂಗಿಗೆ ಅಂಡಾಶಯದ್ದು. ಇಬ್ಬರಿಗೂ ಊರ ಕಡೆಯೇ ಆಪರೇಷನ್ ಆಯಿತು. ಚೆನ್ನಾಗಿಯೇ ನೋಡಿಕೊಂಡರು. ಆದರೆ "ಮನೆಯಲ್ಲಿ ಮತ್ಯಾರಿಗಾದರೂ ಇತ್ತಾ?" ಅಂತ ಕೇಳಿ, ಜೆನೆಟಿಕ್ ಕೌನ್ಸೆಲಿಂಗ್‌ಗೆ ಚೀಟಿ ಬರೆದುಕೊಟ್ಟವರು ಯಾರೂ ಇಲ್ಲ. ಊರವರು ಹಣೆಬರಹ ಅಂದರು, ಅಷ್ಟೆ. ಮುಂಬಯಿಗೆ ಮದುವೆಯಾಗಿ ಬಂದ ಅತ್ತೆಯ ಮಗಳಿಗೆ 38ರಲ್ಲಿ ಗಂಟು ಕಂಡಾಗ ಮೊದಲ ವಾರವೇ ಆ ಪ್ರಶ್ನೆ ಬಂತು. ಪರೀಕ್ಷೆಯಲ್ಲಿ ಬಿಆರ್‌ಸಿಎ1 ಜೀನಿನ ದೋಷ ಸಿಕ್ಕಿತು.

ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವಂಥವು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ಈ ದೋಷವಿರುವ ಹೆಂಗಸರಲ್ಲಿ 80 ವಯಸ್ಸಿನೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ತಂದೆಯಿಂದಲೂ ಬರಬಹುದು, ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮೊದಲೇ ಗೊತ್ತಾದರೆ ಎಂಆರ್‌ಐ ತಪಾಸಣೆ ಬೇಗ ಶುರು ಮಾಡಬಹುದು, ಅಂಡಾಶಯ ತೆಗೆಸಬೇಕೇ ಅಂತ ಯೋಚಿಸಬಹುದು.

ಅಪ್ಪ ಈಗಿಲ್ಲ. ಹಾಗಾಗಿ ನಾನು ರಕ್ತ ಕೊಟ್ಟೆ. ದೋಷ ಎಲ್ಲಿದೆ ಅಂತ ಗೊತ್ತಿದ್ದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ನನ್ನಲ್ಲಿ ಇರಲಿಲ್ಲ. ಮಗಳಿಗೆ ನನ್ನಿಂದ ಬಂದಿಲ್ಲ ಅಂತ ಸಮಾಧಾನ. ಆದರೆ ನನ್ನ ತಂಗಿ ಊರಲ್ಲಿದ್ದಾಳೆ. "ಇಲ್ಲಿಯ ಡಾಕ್ಟರು ಏನೂ ಹೇಳಲಿಲ್ಲವಲ್ಲ" ಅನ್ನುತ್ತಾಳೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು.

ರಕ್ತದ ಸ್ಯಾಂಪಲ್ಲು ಕೊರಿಯರ್‌ನಲ್ಲಿ ಹೋಗುತ್ತದೆ, ಕೌನ್ಸೆಲಿಂಗ್ ಫೋನಿನಲ್ಲೂ ಆಗುತ್ತದೆ. ಊರಲ್ಲಿ ಸಿಗದಿರುವುದು ಆ ಒಂದು ಚೀಟಿ. ಆದ್ದರಿಂದ ದೊಡ್ಡ ಊರು ಸೇರಿದ ನಮ್ಮಂಥವರು ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿಗೆ, ಯಾವ ಕ್ಯಾನ್ಸರ್ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ರಿಪೋರ್ಟ್ ಇದ್ದರೆ, ಅದು ಯಾರದೋ ಅವರ ಒಪ್ಪಿಗೆ ಪಡೆದು ಪ್ರತಿಯನ್ನೂ ಊರಿಗೆ ಕಳಿಸಿ, ಅಲ್ಲಿಯ ಡಾಕ್ಟರಿಗೆ ತೋರಿಸಲು ಹೇಳಿ.

ತಂಗಿಗೆ ಎರಡನ್ನೂ ಕಳಿಸಿದ್ದೇನೆ. ಈ ಭಾನುವಾರ ಮತ್ತೆ ಫೋನ್ ಮಾಡಬೇಕು.