ಏರಿನಲ್ಲಿ ನಿಲ್ಲುವ ವಿದ್ಯೆ

ಮಡಿಕೇರಿಯಿಂದ ಹೊರಟ ದಾರಿ ಕಾಫಿತೋಟಗಳ ನೆರಳಿನಲ್ಲಿ ನುಸುಳಿ, ತಿರುವಿನ ಮೇಲೆ ತಿರುವು ಹಾಯ್ದು ಗಾಳಿಬೀಡನ್ನು ಸೇರುತ್ತದೆ. ಗಾಳಿ ಬೀಡುಬಿಟ್ಟ ಊರೆಂಬ ಅರ್ಥ ಹೆಸರಿನಲ್ಲಿಯೇ ಕೇಳಿಸುತ್ತದೆ. ಪಶ್ಚಿಮಘಟ್ಟದ ಈ ಮೂಲೆಯಲ್ಲಿ ಅದು ಬರಿಯ ಅಲಂಕಾರವಲ್ಲ. ಮುಂಗಾರಿನಲ್ಲಿ ಗಾಳಿಯು ಮಳೆಯನ್ನು ಅಡ್ಡಡ್ಡಲಾಗಿ ಹೊತ್ತು ತರುತ್ತದೆ. ಮಂಜು ಇಳಿದರೆ ಹತ್ತು ಮಾರು ಮುಂದಿನ ಮರವೂ ಕಾಣದು. ಇಂತಹ ಊರಿನಲ್ಲಿ ಮೋಟಾರ್ ಸೈಕಲ್ಲು ವಿಲಾಸದ ವಸ್ತುವಲ್ಲ. ಸಂಜೆಯ ಬಸ್ಸು ತಪ್ಪಿದವನಿಗೂ, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಔಷಧಿಗೆ ಪೇಟೆಗೆ ಹೋಗಬೇಕಾದವನಿಗೂ ಅದೇ ಆಸರೆ. ಆದುದರಿಂದ ಲೈಸೆನ್ಸಿನ ಪರೀಕ್ಷೆ ಇಲ್ಲಿ ಮನೆಮಂದಿಯೆಲ್ಲರ ಚಿಂತೆ.

ಮೊದಲ ಮೆಟ್ಟಿಲು ಎಲ್.ಎಲ್.ಆರ್. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು. ಚಿಹ್ನೆ ಮತ್ತು ನಿಯಮಗಳ ಪ್ರಶ್ನೆಗಳಿಗೆ ಉತ್ತರಿಸಿ ಅದನ್ನು ಪಡೆದ ಮೇಲೆ ಆರು ತಿಂಗಳ ಅವಧಿ ದೊರೆಯುತ್ತದೆ. ಆದರೆ 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ, ತಲೆಗೆ ಹೆಲ್ಮೆಟ್ಟು. ಹಿಂದಿನ ಸೀಟಿನಲ್ಲಿ ಕಲಿಸುವವರ ಹೊರತು ಮತ್ತಾರೂ ಕೂರಬಾರದು.

ನಿಯಮದ ಪುಸ್ತಕದಲ್ಲಿ ಒಂದು ಮಾತುಂಟು: ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಎರಡು ವಾಹನ ಎದುರಾದರೆ, ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕು. ಬಯಲುಸೀಮೆಯ ಹುಡುಗನು ಇದನ್ನು ಬಾಯಿಪಾಠ ಮಾಡುತ್ತಾನೆ. ಗಾಳಿಬೀಡಿನ ಹುಡುಗನಿಗೆ ಅದರ ಕಾರಣವೂ ಗೊತ್ತು: ಹೊರೆ ಹೊತ್ತ ಜೀಪು ಏರಿನಲ್ಲಿ ಒಮ್ಮೆ ನಿಂತಿತೆಂದರೆ ಅದನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂಬುದನ್ನು ಅವನು ಕಣ್ಣಾರೆ ಕಂಡಿದ್ದಾನೆ.

ಬೇಸಿಗೆಯಲ್ಲಿ ಕಾಫಿ ಒಣಗಿಸಿ ಮುಗಿದ ಕಣವು ಬರಿದಾಗಿರುತ್ತದೆ. ಅದೇ ಅಭ್ಯಾಸದ ಅಂಗಳ. ಎರಡು ಕಲ್ಲುಗಳನ್ನಿಟ್ಟು ಅವುಗಳ ಸುತ್ತ ‘ಎಂಟು’ ಹಾಕಬೇಕು. ಕಾಲು ನೆಲಕ್ಕೆ ತಾಗಬಾರದು. ವೇಗದಲ್ಲಿ ಯಾರೂ ಬೀಳರು, ನಿಧಾನದಲ್ಲಿಯೇ ಬೀಳುವುದು! ಮೊದಲ ಗೇರು, ಅರ್ಧ ಹಿಡಿದ ಕ್ಲಚ್ಚು, ಹಿಂದಿನ ಬ್ರೇಕಿನ ಮೇಲೆ ಹಗುರವಾಗಿ ಪಾದ. ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆಗೆ. ಮೂರನೆಯ ಸುತ್ತಿಗೆ ಬೈಕು ಮಗುಚಿದಾಗ, ಜಗಲಿಯಲ್ಲಿ ಕುಳಿತ ಸೋದರಮಾವನ ಉಪದೇಶ ಬರುತ್ತದೆ:

“ಜೋರು ಓಡಿಸ್ಲಿಕ್ಕೆ ಯಾರಿಗಾದ್ರೂ ಬರ್ತದೆ ಮಾರಾಯ, ನಿಧಾನ ಹೋಗ್ಲಿಕ್ಕೆ ಕಲಿ.”

“ಆಯ್ತು ಮಾವ,” ಎಂದು ಹುಡುಗ ಬೈಕನ್ನು ಮತ್ತೆ ಎತ್ತುತ್ತಾನೆ.

ಕಣದ ಪಾಠ ಮುಗಿದರೆ ಏರಿನ ಪಾಠ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲಕನಿಗೆ ಇರಬೇಕಾದ ಸಾಮರ್ಥ್ಯಗಳನ್ನು ಎಣಿಸುವಾಗ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಡುವುದನ್ನೂ, ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದನ್ನೂ ಹೆಸರಿಸುತ್ತವೆ. ಬಲಗಾಲಿನಲ್ಲಿ ಬ್ರೇಕನ್ನು ಒತ್ತಿ ಹಿಡಿದು, ಕ್ಲಚ್ಚನ್ನು ಮೆಲ್ಲನೆ ಬಿಡುತ್ತ, ಇಂಜಿನ್ನು ಎಳೆಯತೊಡಗಿದ ಗಳಿಗೆಯಲ್ಲಿ ಆಕ್ಸಿಲರೇಟರು ಕೊಟ್ಟು ಬ್ರೇಕು ಸಡಿಲಿಸಬೇಕು. ಇಳಿಯುವಾಗ ಪೆಟ್ರೋಲು ಉಳಿಸುವ ಆಸೆಗೆ ಇಂಜಿನ್ನು ನಿಲ್ಲಿಸುವುದು ಮೃತ್ಯುವನ್ನು ಕರೆದಂತೆ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಅರ್ಧ ಬ್ರೇಕು. ಪಾಚಿ ಕಟ್ಟಿದ ರಸ್ತೆಯಂಚನ್ನೂ ಒದ್ದೆ ತರಗೆಲೆಗಳನ್ನೂ ಯಾವ ನಿಯಮವೂ ಹೇಳದು. ಅವನ್ನು ದಾರಿಯೇ ಕಲಿಸುತ್ತದೆ.

ಆ ದಾರಿಯೂ ನೆಚ್ಚತಕ್ಕದ್ದಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದಾಗ ನೆರೆಯ ಕಾಲೂರು, ಹೆಬ್ಬೆಟ್ಟಗೇರಿಗಳು ಪಟ್ಟ ಪಾಡನ್ನು ಈ ಸೀಮೆ ಮರೆತಿಲ್ಲ. ಮನೆಗಳ ಜೊತೆಗೆ ರಸ್ತೆಗಳೂ ಕಣಿವೆಗೆ ಜಾರಿದುವು. ಅಂದಿನಿಂದ ಮಳೆಗಾಲದಲ್ಲಿ ಪ್ರತಿ ತಿರುವಿನ ಮುಂದೆಯೂ ರಸ್ತೆ ಇದೆಯೇ ಎಂದು ನೋಡಿ ಹೋಗುವುದು ವಿವೇಕಿಗಳ ರೂಢಿ.

ಪರೀಕ್ಷೆಯಲ್ಲಿ ಸೋತವನು ಏಳು ದಿನಗಳ ಅನಂತರ ಮತ್ತೆ ಹೋಗಬಹುದು. ಮೂರು ಸಲ ಸೋತರೆ 60 ದಿನ ಕಾಯಬೇಕು. ಗೆದ್ದವನು ಎಲ್ ಹಲಗೆಯನ್ನು ಬಿಚ್ಚಿ ಊರಿನ ಕಡೆಗೆ ತಿರುಗುತ್ತಾನೆ. ಹನಿ ಬೀಳತೊಡಗಿದೆ. ಇಳಿಜಾರಿನ ತಿರುವಿನಲ್ಲಿ, ಮಂಜಿನೊಳಗಿಂದ, ಹೊರೆ ಹೊತ್ತ ಜೀಪೊಂದು ಏದುಸಿರು ಬಿಡುತ್ತ ಏರಿಬರುತ್ತಿದೆ. ನೋಡಿ ಅಂಕ ಕೊಡಲು ಅಲ್ಲಿ ಇನ್‌ಸ್ಪೆಕ್ಟರಿಲ್ಲ. ಹುಡುಗನು ಗೇರು ಇಳಿಸಿ, ಬದಿಗೆ ಸರಿದು, ಕಾಲೂರಿ ನಿಲ್ಲುತ್ತಾನೆ. ಜೀಪು ನಿಲ್ಲದೆ ಮುಂದೆ ಹೋಗುತ್ತದೆ.